ಗೋದಾಮಿನ ಕಿಟಕಿ ಮತ್ತು ಬಾಗಿದ ಕಾಫಿ ಸಸಿಗಳು

ನಮ್ಮ ತೋಟ ಕೊಡಗಿನ ಸುಂಟಿಕೊಪ್ಪದಿಂದ ಸ್ವಲ್ಪ ಒಳಕ್ಕೆ ಇದೆ. ಮನೆಗೆ ತಾಗಿದಂತೆ ಕಾಫಿ ಚೀಲ ಪೇರಿಸುವ ಹಳೆಯ ಹೆಂಚಿನ ಗೋದಾಮು ಒಂದಿದ್ದು, ಅದರ ಪೂರ್ವದ ಗೋಡೆಯಲ್ಲಿ ಮರದ ಸರಳುಗಳ ಒಂದೇ ಒಂದು ಕಿಟಕಿ ಇದೆ. ಮೂರು ವರ್ಷಗಳ ಹಿಂದೆ, ಕೊಯ್ಲಿನ ಗಡಿಬಿಡಿ ಕಡಿಮೆಯಾಗುತ್ತಿದ್ದ ಫೆಬ್ರುವರಿಯ ಮೊದಲ ವಾರದಲ್ಲಿ, ನಾನು ಅರೇಬಿಕಾ ಬೀಜಗಳನ್ನು ಎಂದಿನಂತೆ ತೋಡಿನ ಪಕ್ಕದ ಪಾತಿಗೆ ಹಾಕದೆ ಈ ಗೋದಾಮಿನೊಳಗೆ ಹಾಕಿದೆ. ಹಿಂದಿನ ವರ್ಷ ಕೋಳಿಗಳು ಪಾತಿಯನ್ನು ಕೆದಕಿ ಅರ್ಧಕ್ಕರ್ಧ ಬೀಜವನ್ನು ಹಾಳು ಮಾಡಿದ್ದುದೇ ಅದಕ್ಕೆ ಕಾರಣ. ತರಕಾರಿ ತುಂಬುವ ಎರಡು ಕ್ರೇಟುಗಳಿಗೆ ಗೋಣಿ ಹಾಸಿ, ಕಾಡುಮಣ್ಣು, ಹಳೆಯ ಗೊಬ್ಬರ ಮತ್ತು ಮರಳು ಬೆರೆಸಿ ತುಂಬಿ, ಬೀಜಗಳ ಚಪ್ಪಟೆ ಬದಿ ಕೆಳಗೆ ಬರುವಂತೆ ಸಾಲಾಗಿ ಇಟ್ಟು, ತೆಳುವಾಗಿ ಮಣ್ಣು ಉದುರಿಸಿ, ಮೇಲೆ ಭತ್ತದ ಹುಲ್ಲು ಹೊದಿಸಿ, ಕ್ರೇಟುಗಳನ್ನು ಕಿಟಕಿಯ ಕೆಳಗೆ ಸರಿಸಿಟ್ಟೆ.

ಕಾಫಿ ಬೀಜ ಅವಸರದ್ದಲ್ಲ. ಮೊಳೆಯಲು ಅದಕ್ಕೆ ಹತ್ತಿರ ಹತ್ತಿರ 45 ದಿನ ಬೇಕು. ಅಷ್ಟರಲ್ಲಿ ಹೂಮಳೆ ಬಿದ್ದು, ತೋಟವೆಲ್ಲ ಬೆಳ್ಳಗಾಗಿ, ಆ ಘಮ ಮನೆಯೊಳಗೂ ತುಂಬಿ, ಹೂವೂ ಉದುರಿಹೋಯಿತು. ಮಾರ್ಚ್ ಮುಗಿಯುವ ಹೊತ್ತಿಗೆ ಹುಲ್ಲಿನ ಅಡಿಯಲ್ಲಿ ಮಣ್ಣು ಸಣ್ಣದಾಗಿ ಬಿರಿದು, ಕೊಕ್ಕೆಯಂತೆ ಬಾಗಿದ ಎಳೆಯ ಕಾಂಡಗಳು ಒಂದೊಂದಾಗಿ ಬೆನ್ನು ತೋರಿಸಿದವು. ನಾಲ್ಕೈದು ದಿನಗಳಲ್ಲಿ ಕೊಕ್ಕೆ ನೆಟ್ಟಗಾಗಿ, ತಾನು ಹುಟ್ಟಿಬಂದ ಬೀಜವನ್ನೇ ಅದರ ಒಣ ಹೊಟ್ಟಿನ ಸಮೇತ ತಲೆಯ ಮೇಲೆ ಹೊತ್ತು ಮೊಳಕೆ ಎದ್ದು ನಿಲ್ಲುತ್ತದೆ. ನರ್ಸರಿಯವರು ಇದನ್ನು ಟೋಪಿ ಹಂತ ಎನ್ನುತ್ತಾರೆ. ಮುಂದೆ ಟೋಪಿ ಕಳಚಿ ಎರಡು ಬೀಜದಳಗಳು ಅಗಲವಾಗಿ ಬಿಚ್ಚಿಕೊಂಡಾಗ ಅದು ಚಿಟ್ಟೆ ಹಂತ. ನನ್ನ ಕ್ರೇಟುಗಳಲ್ಲಿದ್ದ ಸುಮಾರು ಇನ್ನೂರು ಟೋಪಿಗಳಲ್ಲಿ ಒಂದೂ ನೆಟ್ಟಗೆ ನಿಂತಿರಲಿಲ್ಲ. ಎಲ್ಲವೂ ಒಂದೇ ಕೋನದಲ್ಲಿ, ಯಾರೋ ಬಾಚಣಿಗೆಯಿಂದ ಬಾಚಿಬಿಟ್ಟಂತೆ, ಕಿಟಕಿಯ ಕಡೆಗೆ ವಾಲಿದ್ದವು.

ನಮ್ಮ ನರ್ಸರಿಯನ್ನು ವರ್ಷಾನುಗಟ್ಟಲೆಯಿಂದ ನೋಡಿಕೊಳ್ಳುತ್ತಿರುವ ಅಕ್ಕ ಅದನ್ನು ನೋಡಿದ ಕೂಡಲೇ ಹೇಳಿದರು: "ಬೆಳಕು ಎಳೀತದೆ ಅಮ್ಮ. ದಿನಾ ತಿರುಗಿಸಿ ಇಡ್ಬೇಕು." ನಾನು ತಲೆಯಾಡಿಸಿದೆ. ಆದರೆ ಆ ವಾರ ಕಾಫಿ ಚೀಲಗಳ ಸಾಗಾಟ, ಬ್ಯಾಂಕಿನ ಓಡಾಟ ಎಂದು ಕ್ರೇಟುಗಳ ಕಡೆ ಗಮನ ಹರಿಯಲಿಲ್ಲ. ಐದು ದಿನ ಬಿಟ್ಟು ಒಮ್ಮೆ ತಿರುಗಿಸಿದೆ, ಮತ್ತೆ ಆರು ದಿನ ಬಿಟ್ಟು ಇನ್ನೊಮ್ಮೆ. ತಿರುಗಿಸಿದಾಗಲೆಲ್ಲ ಸಸಿಗಳು ಕಿಟಕಿಗೆ ಬೆನ್ನು ಹಾಕಿ ನಿಂತಂತಾಗುತ್ತಿದ್ದವು. ಒಂದೆರಡು ದಿನಗಳಲ್ಲಿ ಅವುಗಳ ಮೇಲಿನ ಅರ್ಧ ಮತ್ತೆ ಕಿಟಕಿಯ ಕಡೆಗೆ ಹೊರಳುತ್ತಿತ್ತು. ಕೆಳಗಿನ ಅರ್ಧ ಮಾತ್ರ ಮೊದಲು ಬಾಗಿದಂತೆಯೇ ಉಳಿದಿತ್ತು. ಏಪ್ರಿಲ್ ನಡುವಿಗೆ ಪಾಲಿಥೀನ್ ಚೀಲಗಳಿಗೆ ನಾಟಿ ಮಾಡುವಾಗ ಒಂದು ಸಸಿಯನ್ನು ಎತ್ತಿ ಅಂಗೈಯ ಮೇಲಿಟ್ಟು ನೋಡಿದೆ. ಬೆರಳುದ್ದದ ಆ ಕಾಂಡ ಹಾವಿನ ಹರಿದಾಟದಂತೆ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಬಳುಕಿತ್ತು. ಯಾವ ದಿನ ತಿರುಗಿಸಿದೆ, ಎಷ್ಟು ದಿನ ಮರೆತೆ ಎಂಬುದೆಲ್ಲ ಅದರಲ್ಲಿ ದಾಖಲಾಗಿತ್ತು.

ಸಸ್ಯಶಾಸ್ತ್ರ ಓದಿದವಳಾದ ನನಗೆ ಇದರ ಹೆಸರು ಗೊತ್ತಿತ್ತು: ದ್ಯುತಿ ಅನುವರ್ತನೆ. ಪರೀಕ್ಷೆಯಲ್ಲಿ ಅದರ ಬಗ್ಗೆ ಎರಡು ಪುಟ ಬರೆದು ಅಂಕವನ್ನೂ ಪಡೆದಿದ್ದೆ. ಆದರೂ ಆ ದಿನ ಅಕ್ಕನ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಬೆಳಕು ಎಳೆಯುತ್ತದೆ. ನಾವೆಲ್ಲರೂ ಹಾಗೆಯೇ ಹೇಳುತ್ತೇವೆ, ಕಣ್ಣಿಗೆ ಕಾಣುವುದೂ ಹಾಗೆಯೇ. ಕಿಟಕಿಯ ಆಚೆಯಿಂದ ಏನೋ ಸೆಳೆದಂತೆ, ಸಸಿ ಆ ಸೆಳೆತಕ್ಕೆ ಮಣಿದಂತೆ. ನಿಜವಾಗಿ ನಡೆಯುವುದು ಇದಕ್ಕೆ ಹೆಚ್ಚುಕಡಿಮೆ ತಿರುವುಮುರುವು. ಬೆಳಕು ಬಿದ್ದ ಬದಿಯಲ್ಲಿ ಕಾಂಡದ ಬೆಳವಣಿಗೆ ಮಂದವಾಗುತ್ತದೆ. ಬೆಳಕು ತಲುಪದ ಹಿಂಬದಿ ಅದಕ್ಕಿಂತ ಬೇಗ ಉದ್ದವಾಗುತ್ತದೆ. ಉದ್ದವಾದ ಬದಿ ಗಿಡ್ಡವಾದ ಬದಿಯನ್ನು ತನ್ನೊಂದಿಗೆ ಬಾಗಿಸುತ್ತದೆ. ಹಾಗಾಗಿ ಆ ಬಾಗು ಕಿಟಕಿಯ ಕೆಲಸಕ್ಕಿಂತ ಹೆಚ್ಚಾಗಿ ನೆರಳಿನ ಬದಿಯ ಕೆಲಸ. ಎಳೆತವೆಂದು ನಾವು ತಿಳಿದದ್ದು ಹಿಂದಿನಿಂದ ಬಂದ ತಳ್ಳುವಿಕೆ. ಇಷ್ಟು ಸಣ್ಣ ಸಂಗತಿ ಪುಸ್ತಕದಲ್ಲಿ ಓದಿದಾಗ ನನ್ನೊಳಗೆ ಇಳಿದಿರಲಿಲ್ಲ, ಅಂಗೈಯ ಮೇಲೆ ಆ ವಕ್ರ ಕಾಂಡ ಮಲಗಿದ್ದಾಗ ಇಳಿಯಿತು.

ನೆರಳಿನ ಬದಿ ಹೆಚ್ಚು ಬೆಳೆಯುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಅಗಸ್ಟೀನ್ ಪಿರಾಮಸ್ ದ ಕಾಂಡೋಲ್ 1832ರಷ್ಟು ಹಿಂದೆಯೇ ಹೇಳಿದ್ದ. ಕತ್ತಲೆಯಲ್ಲಿ ಬೆಳೆದ ಗಿಡ ಉದ್ದಕ್ಕೆ ಸೊರಗುವುದು ಎಲ್ಲರಿಗೂ ಗೊತ್ತಿದ್ದ ಮಾತಾದ್ದರಿಂದ, ಕಾಂಡದ ಕತ್ತಲೆಯ ಬದಿಯೂ ಹಾಗೆಯೇ ತನ್ನಷ್ಟಕ್ಕೆ ಉದ್ದವಾಗುತ್ತದೆ ಎಂಬುದು ಅವನ ತರ್ಕ. ಪ್ರತಿಯೊಂದು ಭಾಗವೂ ತನಗೆ ಬಿದ್ದ ಬೆಳಕಿಗೆ ತಕ್ಕಂತೆ ತಾನೇ ವರ್ತಿಸುತ್ತದೆ ಎಂಬ ಈ ವಿವರಣೆ ಸರಳವಾಗಿತ್ತು, ಒಪ್ಪುವಂತೆಯೂ ಇತ್ತು. ಅದನ್ನು ಅಲುಗಾಡಿಸಿದವರು ಚಾರ್ಲ್ಸ್ ಡಾರ್ವಿನ್ ಮತ್ತು ಅವನ ಮಗ ಫ್ರಾನ್ಸಿಸ್. ಸಸ್ಯಗಳ ಚಲನೆಯ ಬಗ್ಗೆ ಅವರು 1880ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಜಾತಿಯ ಹುಲ್ಲಿನ ಮೊಳಕೆಗಳ ಮೇಲೆ ಮಾಡಿದ ಪ್ರಯೋಗಗಳಿವೆ. ಹುಲ್ಲು, ಜೋಳ, ಭತ್ತಗಳ ಮೊದಲ ಎಲೆ ಒಂದು ಮುಚ್ಚಿದ ಕೊಳವೆಯಂತಹ ಕವಚದೊಳಗೆ ಇದ್ದು ಮಣ್ಣನ್ನು ಸೀಳಿ ಬರುತ್ತದೆ. ಡಾರ್ವಿನ್ ತಂದೆಮಕ್ಕಳು ಆ ಕವಚದ ತುದಿಗೆ ಬೆಳಕು ಹಾಯದ ಟೋಪಿ ಹಾಕಿದಾಗ ಮೊಳಕೆ ಬಾಗಲಿಲ್ಲ. ಬುಡವನ್ನು ಕಪ್ಪು ಮರಳಿನಲ್ಲಿ ಹೂತು ತುದಿಯನ್ನಷ್ಟೇ ಬೆಳಕಿಗೆ ಬಿಟ್ಟಾಗ ಬಾಗಿತು. ಬಾಗುವ ಜಾಗ ಕೆಳಗೆ, ಬೆಳಕನ್ನು ಅರಿಯುವ ಜಾಗ ಮೇಲೆ. ಅಂದರೆ ಮೇಲಿನಿಂದ ಕೆಳಕ್ಕೆ ಏನೋ ಒಂದು ಪ್ರಭಾವ ಹರಿದುಬರುತ್ತಿದೆ ಎಂದು ಅವರು ಬರೆದರು. ಆ ಕಾಲಕ್ಕೆ ಇದು ಎಲ್ಲರೂ ಒಪ್ಪಿದ ಮಾತಾಗಿರಲಿಲ್ಲ. ಪ್ರಯೋಗಾಲಯದ ದೊಡ್ಡ ಸಲಕರಣೆಗಳಿಲ್ಲದೆ ಮನೆಯಲ್ಲಿ ಮಾಡಿದ ಕೆಲಸ ಇಷ್ಟು ದೂರಕ್ಕೆ ಬೆಳಕು ಚೆಲ್ಲಿತಲ್ಲ ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ.

ಆ ಪ್ರಭಾವ ಯಾವುದು ಎಂಬ ಹುಡುಕಾಟಕ್ಕೆ ಮುಂದಿನ ಐವತ್ತು ವರ್ಷ ಹಿಡಿಯಿತು. ಡೆನ್ಮಾರ್ಕಿನ ಪೀಟರ್ ಬಾಯ್ಸನ್ ಯೆನ್ಸನ್ 1910ರ ನಂತರದ ವರ್ಷಗಳಲ್ಲಿ ಓಟ್ಸ್ ಮೊಳಕೆಯ ತುದಿಯನ್ನು ಕತ್ತರಿಸಿ, ನಡುವೆ ಜೆಲಾಟಿನ್ ಇಟ್ಟು ಮತ್ತೆ ಜೋಡಿಸಿದ. ಮೊಳಕೆ ಬಾಗಿತು. ನೀರಿನಲ್ಲಿ ಕರಗುವ ಯಾವುದೋ ವಸ್ತು ಜೆಲಾಟಿನ್ ದಾಟಿ ಇಳಿದಿತ್ತು. ಅಭ್ರಕದ ತೆಳು ಹಾಳೆಯನ್ನು ನೆರಳಿನ ಬದಿಯಲ್ಲಿ ತೂರಿಸಿದರೆ ಬಾಗುವುದು ನಿಂತಿತು, ಬೆಳಕಿನ ಬದಿಯಲ್ಲಿ ತೂರಿಸಿದರೆ ನಿಲ್ಲಲಿಲ್ಲ. ಆ ವಸ್ತು ಇಳಿಯುವುದು ನೆರಳಿನ ಬದಿಯಲ್ಲಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ. ಹಂಗೇರಿಯ ಅರ್ಪಾದ್ ಪಾಲ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಕತ್ತರಿಸಿದ ತುದಿಯನ್ನು ಬುಡದ ಮೇಲೆ ನಡುವಿನಿಂದ ಒಂದು ಬದಿಗೆ ಸರಿಸಿ ಕೂರಿಸಿ, ಪೂರ್ತಿ ಕತ್ತಲೆಯಲ್ಲಿಟ್ಟ. ಬೆಳಕೇ ಇಲ್ಲದ ಆ ಕೋಣೆಯಲ್ಲಿ ಮೊಳಕೆ ಬಾಗಿತು. ತುದಿ ಕೂತ ಬದಿ ಹೆಚ್ಚು ಬೆಳೆದು, ಅದರ ಎದುರು ಬದಿಗೆ ಬಾಗಿತು. ಈ ಪ್ರಯೋಗವನ್ನು ಓದಿದಾಗಲೆಲ್ಲ ಬೆಳಕು ಎಳೆಯುತ್ತದೆ ಎಂಬ ಮಾತು ಪೂರ್ಣವಾಗಿ ಸಡಿಲವಾದದ್ದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ.

ಆ ವಸ್ತುವನ್ನು ಗಿಡದಿಂದ ಹೊರಕ್ಕೆ ತೆಗೆದು ತೋರಿಸಿದವನು ನೆದರ್ಲೆಂಡ್ಸ್‌ನ ಫ್ರಿಟ್ಸ್ ವೆಂಟ್. ಅವನ ತಂದೆ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ. ಮಗ ಹಗಲು ಸೈನಿಕ ಸೇವೆ ಮಾಡುತ್ತ, ರಾತ್ರಿ ತಂದೆಯ ಪ್ರಯೋಗಾಲಯಕ್ಕೆ ಬಂದು ಕೆಲಸ ಮಾಡುತ್ತಿದ್ದ. 1926ರಲ್ಲಿ ಅವನು ಓಟ್ಸ್ ಮೊಳಕೆಗಳ ತುದಿಗಳನ್ನು ಕತ್ತರಿಸಿ ಅಗರ್ ಎಂಬ ಪಾಚಿಯಂಟಿನ ತುಂಡುಗಳ ಮೇಲೆ ಕೆಲವು ಗಂಟೆ ಇಟ್ಟು, ಬಳಿಕ ತುದಿಗಳನ್ನು ತೆಗೆದುಹಾಕಿ, ಬರೀ ಅಗರ್ ತುಂಡನ್ನು ಮುಂಡ ಮೊಳಕೆಯ ಒಂದು ಬದಿಗೆ ಕೂರಿಸಿದ. ಬೆಳಕೂ ಇಲ್ಲ, ತುದಿಯೂ ಇಲ್ಲ, ಆದರೂ ಮೊಳಕೆ ಬಾಗಿತು. ಅಗರ್‌ನಲ್ಲಿ ಹೆಚ್ಚು ತುದಿಗಳ ಸತ್ವ ಇಳಿದಿದ್ದಷ್ಟೂ, ಒಂದು ಮಿತಿಯವರೆಗೆ, ಬಾಗಿನ ಕೋನವೂ ಹೆಚ್ಚಿತು. ಕೋನವನ್ನು ಅಳೆದು ಕಣ್ಣಿಗೆ ಕಾಣದ ವಸ್ತುವಿನ ಪ್ರಮಾಣವನ್ನು ಹೇಳುವ ವಿಧಾನ ಹೀಗೆ ದೊರಕಿತು. ಬೆಳೆಯುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಆ ವಸ್ತುವಿಗೆ ಆಕ್ಸಿನ್ ಎಂಬ ಹೆಸರು ಬಂತು. ಇಂಡೋಲ್ ಅಸಿಟಿಕ್ ಆಮ್ಲ ಎಂಬ ರಾಸಾಯನಿಕ ರೂಪ 1934ರಲ್ಲಿ ಅದೇ ಉಟ್ರೆಕ್ಟ್‌ನಲ್ಲಿ, ಮನುಷ್ಯರ ಮೂತ್ರದಿಂದ ಬೇರ್ಪಡಿಸಿದಾಗ ತಿಳಿಯಿತು. ಕಾಫಿ ಗಿಡದ ಕಡ್ಡಿ ನೆಟ್ಟು ಸಸಿ ಮಾಡುವಾಗ ಕಡ್ಡಿಯ ಬುಡಕ್ಕೆ ಹಚ್ಚುವ ಬೇರು ಬರಿಸುವ ಪುಡಿಯಲ್ಲಿರುವುದೂ ಇದೇ ಬಳಗದ ವಸ್ತು.

ಆಕ್ಸಿನ್ ಇದ್ದಲ್ಲಿ ಕಾಂಡದ ಜೀವಕೋಶಗಳು ತಮ್ಮ ಗೋಡೆಯೊಳಗೆ ಆಮ್ಲೀಯತೆಯನ್ನು ಹೆಚ್ಚಿಸಿಕೊಳ್ಳುತ್ತವೆ. ಆಗ ಗೋಡೆಯ ನಾರುಗಳ ನಡುವಿನ ಹಿಡಿತ ಸಡಿಲವಾಗಿ, ಒಳಗಿನ ನೀರಿನ ಒತ್ತಡಕ್ಕೆ ಕೋಶ ಉದ್ದಕ್ಕೆ ಹಿಗ್ಗುತ್ತದೆ. ಬಾಗುವ ಭಾಗದಲ್ಲಿ ಹೊಸ ಕೋಶಗಳು ಹುಟ್ಟುವುದು ಮುಖ್ಯವಲ್ಲ, ಇರುವ ಕೋಶಗಳೇ ಒಂದು ಬದಿಯಲ್ಲಿ ಹೆಚ್ಚು ನೀಳವಾಗುತ್ತವೆ. ಇಲ್ಲೊಂದು ಪ್ರಶ್ನೆ ಬಹುಕಾಲ ಉಳಿದಿತ್ತು. ಬೆಳಕಿನ ಬದಿಯಲ್ಲಿ ಆಕ್ಸಿನ್ ಕಡಿಮೆಯಾಗುವುದು ಬೆಳಕು ಅದನ್ನು ಹಾಳುಮಾಡುವುದರಿಂದಲೇ, ಅಥವಾ ಅದು ನೆರಳಿನ ಬದಿಗೆ ಸರಿದುಹೋಗುವುದರಿಂದಲೇ? ಅಮೆರಿಕದ ವಿನ್ಸ್‌ಲೋ ಬ್ರಿಗ್ಸ್ 1957ರಲ್ಲಿ ಮುಸುಕಿನ ಜೋಳದ ಮೊಳಕೆಗಳ ಮೇಲೆ ಇದನ್ನು ಪರೀಕ್ಷಿಸಿದ. ಕತ್ತಲೆಯಲ್ಲಿಟ್ಟ ತುದಿಗಳಿಂದಲೂ ಬೆಳಕಿಗೆ ಒಡ್ಡಿದ ತುದಿಗಳಿಂದಲೂ ಇಳಿದ ಒಟ್ಟು ಆಕ್ಸಿನ್ ಸರಿಸುಮಾರು ಒಂದೇ ಆಗಿತ್ತು. ತುದಿಯನ್ನು ತೆಳು ಗಾಜಿನಿಂದ ಉದ್ದಕ್ಕೆ ಎರಡು ಪಾಲು ಮಾಡಿದಾಗ ಎರಡೂ ಬದಿಗೆ ಸಮವಾಗಿ ಇಳಿಯಿತು. ಗಾಜಿನ ಅಡ್ಡಿ ತುದಿಯವರೆಗೆ ಮುಟ್ಟದಂತೆ ಬಿಟ್ಟಾಗ ನೆರಳಿನ ಬದಿಗೆ ಹೆಚ್ಚು ಪಾಲು ಸಂದಿತು. ಹಾಳಾಗುವುದಿಲ್ಲ, ಸರಿಯುತ್ತದೆ. ಇದೇ ಬ್ರಿಗ್ಸ್ ನಲವತ್ತು ವರ್ಷಗಳ ನಂತರವೂ ಅದೇ ಪ್ರಶ್ನೆಯ ಬೆನ್ನು ಹತ್ತಿದ್ದ ಎಂಬುದನ್ನು ಮುಂದೆ ಹೇಳುತ್ತೇನೆ.

ಓದಿದ್ದು ಸಾಕಾಗದೆ ಕಳೆದ ವರ್ಷ ನಾನೇ ಗೋದಾಮಿನಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆ. ಕಾಫಿ ನಿಧಾನವಾದ್ದರಿಂದ ಮುಸುಕಿನ ಜೋಳವನ್ನು ಆರಿಸಿಕೊಂಡೆ. ಕಾಳುಗಳನ್ನು ಒಂದು ರಾತ್ರಿ ನೆನೆಹಾಕಿ, ಒದ್ದೆ ಮರಳಿನ ಡಬ್ಬಿಗಳಲ್ಲಿ ಊರಿ, ಬಾಯಿ ಮುಚ್ಚಿದ ರಟ್ಟಿನ ಪೆಟ್ಟಿಗೆಯೊಳಗೆ ನಾಲ್ಕೈದು ದಿನ ಇಟ್ಟೆ. ತೆಗೆದು ನೋಡಿದಾಗ ಎರಡು ಸೆಂಟಿಮೀಟರಿನಷ್ಟು ಉದ್ದದ, ದಂತದ ಬಣ್ಣದ, ನೆಟ್ಟನೆಯ ಮೊಳಕೆಗಳು. ಪೆನ್ನಿನ ರೀಫಿಲ್‌ಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಒಂದು ಕೊನೆಯನ್ನು ಹಿಂಡಿ ಮುಚ್ಚಿ, ಉಗುರಿನ ಅರ್ಧದಷ್ಟು ಉದ್ದದ ಟೋಪಿಗಳನ್ನು ಮಾಡಿದೆ. ಒಂದು ಡಬ್ಬಿಯ ಮೊಳಕೆಗಳಿಗೆ ಟೋಪಿ ಹಾಕಿದೆ. ಎರಡನೆಯ ಡಬ್ಬಿಯಲ್ಲಿ ಎರಡೂ ಕೊನೆ ತೆರೆದ ಅದೇ ಹಾಳೆಯ ಕೊಳವೆಯನ್ನು ತುದಿ ಹೊರಗೆ ಇಣುಕುವಂತೆ ಕೆಳಗಿನ ಭಾಗಕ್ಕೆ ಸಡಿಲವಾಗಿ ತೊಡಿಸಿದೆ. ಮೂರನೆಯದನ್ನು ಹಾಗೆಯೇ ಬಿಟ್ಟೆ. ಮೂರನ್ನೂ ಬೆಳಿಗ್ಗೆ ಎಂಟಕ್ಕೆ ಕಿಟಕಿಯಿಂದ ಮೂರು ಅಡಿ ದೂರದಲ್ಲಿ ಸಾಲಾಗಿ ಇರಿಸಿದೆ.

ಒಂಬತ್ತು ಗಂಟೆಗೆ ಹೋಗಿ ನೋಡಿದಾಗ ಏನೂ ವ್ಯತ್ಯಾಸವಿಲ್ಲವೆಂದೇ ಅನ್ನಿಸಿತು. ಬಗ್ಗಿ, ಕಣ್ಣನ್ನು ಡಬ್ಬಿಯ ಮಟ್ಟಕ್ಕೆ ತಂದು ನೋಡಿದಾಗ ಟೋಪಿ ಇಲ್ಲದ ಮೊಳಕೆಗಳ ತುದಿ ಕಿಟಕಿಯ ಕಡೆಗೆ ಒಂದಿಷ್ಟು ಓರೆಯಾಗಿರುವುದು ಕಂಡಿತು. ಹನ್ನೊಂದಕ್ಕೆ ಅನುಮಾನವೇ ಉಳಿಯಲಿಲ್ಲ. ಬಾಗು ತುದಿಯಿಂದ ಇಳಿಯುತ್ತ ನಡುಭಾಗಕ್ಕೆ ಬಂದಿತ್ತು. ಕೊಳವೆ ತೊಟ್ಟವುಗಳೂ ಕೊಳವೆಯನ್ನು ಓರೆಮಾಡಿಕೊಂಡು ಅತ್ತಲೇ ಬಾಗಿದ್ದವು. ಟೋಪಿ ಹಾಕಿದವು ಕಾವಲಿಗೆ ನಿಂತವರಂತೆ ನೆಟ್ಟಗಿದ್ದವು. ಟೋಪಿ ಸರಿಯಾಗಿ ಕೂರದ ಎರಡು ಮಾತ್ರ ಸ್ವಲ್ಪ ವಾಲಿದ್ದವು. ಅಕ್ಕ ಬಂದು, ಟೋಪಿಯ ಮೊಳಕೆಗಳನ್ನು ಬಹಳ ಹೊತ್ತು ನೋಡಿ, "ಕಣ್ಣು ಕಟ್ಟಿದಂಗೆ ಆಯ್ತಲ್ಲ ಅಮ್ಮ ಇವಕ್ಕೆ" ಎಂದರು. ಡಾರ್ವಿನ್‌ನ ಪ್ರಯೋಗವನ್ನು ಒಂದೇ ವಾಕ್ಯದಲ್ಲಿ ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮರುವಾರ ಬಣ್ಣದ ಜಿಲೇಟಿ ಕಾಗದದೊಂದಿಗೆ ಅದೇ ಪ್ರಯೋಗ. ಒಂದು ರಟ್ಟಿನ ಪೆಟ್ಟಿಗೆಯ ಬದಿಯಲ್ಲಿ ಕಿಂಡಿ ಕೊರೆದು ಎರಡು ಪದರ ನೀಲಿ ಕಾಗದ, ಇನ್ನೊಂದಕ್ಕೆ ಎರಡು ಪದರ ಕೆಂಪು ಕಾಗದ ಅಂಟಿಸಿದೆ. ಸಂಜೆಗೆ ನೀಲಿ ಪೆಟ್ಟಿಗೆಯ ಮೊಳಕೆಗಳು ಕಿಂಡಿಯ ಕಡೆಗೆ ತಲೆಬಾಗಿದ್ದವು, ಕೆಂಪು ಪೆಟ್ಟಿಗೆಯವು ಹೆಚ್ಚುಕಡಿಮೆ ನೆಟ್ಟಗೇ ಇದ್ದವು. ನಮ್ಮ ಕಣ್ಣಿಗೆ ಕೆಂಪು ಕಿಂಡಿಯೂ ಬೆಳಗುತ್ತಿತ್ತು. ದ್ಯುತಿ ಅನುವರ್ತನೆಗೆ ಬೇಕಾದದ್ದು ಸುಮಾರು 400ರಿಂದ 500 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕು, ಅದರ ಜೊತೆಗೆ ಒಂದಿಷ್ಟು ಅತಿನೇರಳೆ. ಜರ್ಮನಿಯ ಜೂಲಿಯಸ್ ಸಾಕ್ಸ್ ಬಣ್ಣದ ದ್ರಾವಣಗಳ ಮೂಲಕ ಬೆಳಕನ್ನು ಹಾಯಿಸಿ 1864ರಲ್ಲೇ ನೀಲಿಯ ಈ ಮಹತ್ವವನ್ನು ಗುರುತಿಸಿದ್ದ. ನೀಲಿಯನ್ನು ಹಿಡಿಯುವ ಅಣು ಯಾವುದೆಂದು ತಿಳಿಯಲು ಮಾತ್ರ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಬ್ರಿಗ್ಸ್ ಮತ್ತು ಅವನ ಸಹೋದ್ಯೋಗಿಗಳು, ನೀಲಿ ಬೆಳಕಿಗೂ ಬಾಗದ ಅರಬಿಡಾಪ್ಸಿಸ್ ಎಂಬ ಸಾಸಿವೆ ಕುಲದ ಪುಟ್ಟ ಗಿಡಗಳನ್ನು ಆರಿಸಿ, ಅವುಗಳಲ್ಲಿ ಕೆಟ್ಟಿರುವ ಜೀನ್ ಯಾವುದೆಂದು ಹುಡುಕಿ, 1997ರಲ್ಲಿ ಅದನ್ನು ಪತ್ತೆಹಚ್ಚಿದರು. ಆ ಜೀನ್ ರೂಪಿಸುವ ಪ್ರೋಟೀನಿಗೆ 1999ರಲ್ಲಿ ಫೋಟೋಟ್ರೋಪಿನ್ ಎಂಬ ಹೆಸರಿಟ್ಟರು. ಕೋಶಪೊರೆಗೆ ಅಂಟಿಕೊಂಡು ಕೂತಿರುವ ಈ ಪ್ರೋಟೀನು ನೀಲಿ ಬೆಳಕು ತಾಗಿದಾಗ ಎಚ್ಚೆತ್ತು, ಕೊನೆಗೆ ಆಕ್ಸಿನ್ ಸಾಗಿಸುವ ದ್ವಾರಗಳ ವ್ಯವಸ್ಥೆಯನ್ನೇ ಬದಲಿಸುತ್ತದೆ. 1957ರಲ್ಲಿ ಆಕ್ಸಿನ್ ಸರಿಯುತ್ತದೆ ಎಂದು ತೋರಿಸಿದವನು, ಅದನ್ನು ಸರಿಸಲು ಆಜ್ಞೆ ಕೊಡುವ ಅಣುವನ್ನು 1999ರಲ್ಲಿ ಹೆಸರಿಸಿದವರಲ್ಲೂ ಒಬ್ಬನಾಗಿದ್ದ. ಒಂದೇ ಪ್ರಶ್ನೆಯೊಂದಿಗೆ ಇಷ್ಟು ದೀರ್ಘ ಬಾಳುವೆ ಮಾಡಿದವರ ಬಗ್ಗೆ ನನಗೆ ಅಪಾರ ಗೌರವವಿದೆ.

ಎಷ್ಟು ಬೆಳಕು ಬೇಕು ಎಂಬುದರಲ್ಲಿ ನಾನು ಮೊದಲು ಎಡವಿದ್ದೆ. ಗೋದಾಮಿನ ಬೆಳಕು ಮಂದವಾದ್ದರಿಂದ ಬಾಗುವುದೂ ಮಂದವಾಗಿರುತ್ತದೆ ಎಂದು ಲೆಕ್ಕ ಹಾಕಿ, ಐದು ದಿನ ತಿರುಗಿಸದಿದ್ದರೂ ನಡೆಯುತ್ತದೆ ಎಂದುಕೊಂಡಿದ್ದೆ. ಕತ್ತಲೆಯಲ್ಲಿ ಬೆಳೆದ ಮೊಳಕೆಗೆ ಬೇಕಾದ ಬೆಳಕು ಅಚ್ಚರಿ ಹುಟ್ಟಿಸುವಷ್ಟು ಅಲ್ಪ. ನೆದರ್ಲೆಂಡ್ಸ್‌ನ ಬ್ಲಾವ್ ಎಂಬ ವಿಜ್ಞಾನಿ 1909ರಲ್ಲಿ ಓಟ್ಸ್ ಮೊಳಕೆಗಳ ಮೇಲೆ ತೋರಿಸಿದಂತೆ, ಇಂಥ ಅಲ್ಪ ಬೆಳಕಿನ ಮಟ್ಟದಲ್ಲಿ ಬೆಳಕಿನ ತೀವ್ರತೆಯನ್ನು ಅದು ಬಿದ್ದ ಕಾಲದಿಂದ ಗುಣಿಸಿದರೆ ಬರುವ ಮೊತ್ತವೇ ಲೆಕ್ಕಕ್ಕೆ ಬರುತ್ತದೆ. ಕ್ಷಣಮಾತ್ರದ ಪ್ರಖರ ಬೆಳಕೂ ಗಂಟೆಗಟ್ಟಲೆಯ ಮಸುಕು ಬೆಳಕೂ ಒಂದೇ ಫಲ ಕೊಡುತ್ತವೆ. ಆ ಮೊತ್ತ ಹೆಚ್ಚುತ್ತ ಹೋದಂತೆ ಬಾಗು ಹೆಚ್ಚುತ್ತ ಹೋಗಿ, ಒಂದು ಹಂತ ಮುಟ್ಟಿದ ಮೇಲೆ ಮತ್ತೆ ಇಳಿಯತೊಡಗುತ್ತದೆ. ಇನ್ನೂ ಹೆಚ್ಚಿಸಿ ಬೆಳಕನ್ನು ದೀರ್ಘಕಾಲ ಉಳಿಸಿದರೆ ಎರಡನೆಯ ಬಗೆಯ ಬಾಗುವಿಕೆ ಮೊದಲಾಗುತ್ತದೆ. ಇದರಲ್ಲಿ ಮೊತ್ತಕ್ಕಿಂತ ಬೆಳಕು ಎಷ್ಟು ಹೊತ್ತು ಒಂದೇ ಕಡೆಯಿಂದ ಬಂತು ಎಂಬುದೇ ಮುಖ್ಯ. ಹಗಲಿನ ಬೆಳಕಿನಲ್ಲಿ ನಾವು ಕಾಣುವುದು ಬಹುಪಾಲು ಈ ಎರಡನೆಯದನ್ನು. ನನ್ನ ಕ್ರೇಟಿನ ಸಸಿಗಳಿಗೆ ಮಂದ ಬೆಳಕು ರಕ್ಷಣೆಯಾಗಲಿಲ್ಲ. ಅದು ದಿನಕ್ಕೆ ಹನ್ನೊಂದು ಗಂಟೆ ಒಂದೇ ದಿಕ್ಕಿನಿಂದ ಬಂದದ್ದೇ ಅವುಗಳನ್ನು ಬಾಗಿಸಲು ಸಾಕಾಯಿತು.

ಇನ್ನೊಂದು ಅನುಮಾನ ನನ್ನನ್ನು ಬಹಳ ಕಾಡಿತು. ಟೋಪಿ ಹಾಕಿದ ಜೋಳದ ಮೊಳಕೆ ಬಾಗುವುದಿಲ್ಲ. ಹಾಗಿದ್ದರೆ ಹುಟ್ಟುವಾಗಲೇ ಬೀಜದ ಟೋಪಿ ಹೊತ್ತು ಬರುವ ಕಾಫಿ ಮೊಳಕೆ, ಆ ಟೋಪಿ ಕಳಚುವ ಮೊದಲೇ ಕಿಟಕಿಯ ಕಡೆಗೆ ಬಾಗಿದ್ದು ಹೇಗೆ? ಉತ್ತರ ಇರುವುದು ಎರಡು ಬಗೆಯ ಸಸ್ಯಗಳ ವ್ಯತ್ಯಾಸದಲ್ಲಿ. ಹುಲ್ಲಿನ ಜಾತಿಯವುಗಳಲ್ಲಿ ಬೆಳಕಿನ ಅರಿವು ತುದಿಯಲ್ಲಿ ಹೆಚ್ಚು ಚುರುಕು. ಎರಡು ಬೀಜದಳಗಳ ಅರಬಿಡಾಪ್ಸಿಸ್‌ನಲ್ಲಿ ಹಾಗಿಲ್ಲ ಎಂದು ಸ್ವಿಟ್ಜರ್ಲೆಂಡಿನ ಲೌಸಾನ್ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಫಾಂಕ್‌ಹೌಸರ್ ಅವರ ತಂಡ 2013ರಲ್ಲಿ ತೋರಿಸಿತು. ಅಲ್ಲಿ ಬೀಜದಳಗಳ ಕೆಳಗಿನ ಕಾಂಡದ ಮೇಲ್ಭಾಗವೇ ಬೆಳಕನ್ನು ಅರಿತು ಅಲ್ಲಿಯೇ ಬಾಗತೊಡಗುತ್ತದೆ. ಕಾಫಿಯೂ ಎರಡು ಬೀಜದಳಗಳ ಗಿಡ. ಟೋಪಿಯ ಕೆಳಗೆ ಬೆತ್ತಲೆ ನಿಂತಿರುವ ಆ ತಿಳಿಹಸಿರು ಕಾಂಡಕ್ಕೆ ಕಿಟಕಿಯನ್ನು ಗುರುತಿಸಲು ತಲೆಯ ಮೇಲಿನ ಹೊಟ್ಟು ಅಡ್ಡಿಯಾಗಿರಲಿಲ್ಲ ಎಂದೇ ನಾನು ತಿಳಿದಿದ್ದೇನೆ.

ಕಾಂಡವೇ ಅರಿಯುತ್ತದೆ ಎಂದಾದರೆ, ಕಡ್ಡಿಯಷ್ಟು ತೆಳ್ಳಗಿನ ಅದಕ್ಕೆ ತನ್ನ ಯಾವ ಬದಿಗೆ ಬೆಳಕಿದೆ, ಯಾವ ಬದಿಗೆ ನೆರಳಿದೆ ಎಂದು ತಿಳಿಯುವುದು ಹೇಗೆ? ಎಳೆಯ ಕಾಂಡ ಅರೆಪಾರದರ್ಶಕ. ಬೆಳಕು ಅದರ ಒಳಗಿಂದ ಹಾಯ್ದು ಆಚೆ ಬದಿಗೂ ಹೋಗಬಹುದಲ್ಲ? ಅದೇ ಲೌಸಾನ್ ತಂಡ 2023ರಲ್ಲಿ ಇದಕ್ಕೆ ಬಹಳ ಸುಂದರವಾದ ಉತ್ತರ ಕೊಟ್ಟಿತು. ಕಾಂಡದ ಕೋಶಗಳ ನಡುವೆ ಗಾಳಿ ತುಂಬಿದ ಸಣ್ಣ ಕಾಲುವೆಗಳಿವೆ. ಗಾಳಿ ಮತ್ತು ನೀರಿನ ಗಡಿಯಲ್ಲಿ ಬೆಳಕು ಮತ್ತೆ ಮತ್ತೆ ಚದುರುವುದರಿಂದ ಆಚೆ ಬದಿಗೆ ತಲುಪುವ ಪ್ರಮಾಣ ಕುಗ್ಗಿ, ಎರಡು ಬದಿಗಳ ನಡುವಿನ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕಾಲುವೆಗಳಲ್ಲಿ ಗಾಳಿಯ ಬದಲು ನೀರು ತುಂಬಿಕೊಂಡಿರುವ ಒಂದು ರೂಪಾಂತರಿತ ಗಿಡದಲ್ಲಿ ಕಾಂಡ ಹೆಚ್ಚು ಪಾರದರ್ಶಕವಾಗಿದ್ದು, ಅದು ಬೆಳಕಿನ ಕಡೆಗೆ ಸರಿಯಾಗಿ ಬಾಗುತ್ತಿರಲಿಲ್ಲ. ಒಣಗಿದ ಬಿಳಿಬಟ್ಟೆಯ ಆಚೆಗೆ ಏನೂ ಕಾಣದು, ಅದೇ ಬಟ್ಟೆ ಮಳೆಗೆ ನೆನೆದರೆ ಆಚೆಯದೆಲ್ಲ ಕಾಣುತ್ತದೆ. ನೂಲುಗಳ ನಡುವಿನ ಗಾಳಿಯ ಜಾಗವನ್ನು ನೀರು ಹಿಡಿದುದಷ್ಟೇ ಅಲ್ಲಿ ಆದ ಬದಲಾವಣೆ. ಮಳೆಗಾಲದಲ್ಲಿ ವಾರಗಟ್ಟಲೆ ಬಟ್ಟೆ ಒಣಗದ ನಮ್ಮ ಊರಿನವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ.

ಕೊಡಗಿನ ತೋಟಗಳಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ನಮ್ಮ ಕಾಫಿ ಬಿಸಿಲಿನ ಬೆಳೆಯಲ್ಲ, ಮರದ ನೆರಳಿನದು. ಹಲಸು, ಅತ್ತಿ, ನಂದಿ, ಸಿಲ್ವರ್ ಓಕ್, ಹಾಲುವಾಣಗಳ ಎಲೆಗಳ ಮೂಲಕ ಸೋಸಿ ಬಂದ ಬೆಳಕು ಕಡಿಮೆಯಾಗಿರುವುದಷ್ಟೇ ಅಲ್ಲ, ಅದರ ಗುಣವೂ ಬೇರೆ. ಎಲೆಗಳು ನೀಲಿಯನ್ನೂ ಕೆಂಪನ್ನೂ ಹೀರಿಕೊಂಡು, ನಮ್ಮ ಕಣ್ಣಿಗೆ ಬಹುತೇಕ ಕಾಣದ ದೂರಕೆಂಪನ್ನು ಕೆಳಕ್ಕೆ ಬಿಡುತ್ತವೆ. ಕೆಂಪು ಮತ್ತು ದೂರಕೆಂಪಿನ ಈ ಪ್ರಮಾಣವನ್ನು ಫೈಟೋಕ್ರೋಮ್ ಎಂಬ ಬೇರೊಂದು ಪ್ರೋಟೀನು ಗುರುತಿಸಿ, ಮೇಲೆ ಬೇರೆ ಗಿಡಗಳಿವೆ ಎಂಬ ಸುದ್ದಿಯನ್ನು ಸಸಿಗೆ ಮುಟ್ಟಿಸುತ್ತದೆ. ಅಂಥ ನೆರಳಿನಲ್ಲಿ ಸಸಿ ಹೆಚ್ಚು ಆಕ್ಸಿನ್ ತಯಾರಿಸಿಕೊಂಡು, ನೀಲಿ ಬೆಳಕಿನ ಕಡೆಗೆ ಹೆಚ್ಚು ಬಾಗುತ್ತದೆ ಎಂಬುದು 2016ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ; ಅದೂ ಅರಬಿಡಾಪ್ಸಿಸ್ ಮೇಲೆ ನಡೆದದ್ದೇ. ಮುಂಗಾರಿನ ಮೊದಲು ನಾವು ಮರಕಪಾತು, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವಾಗ ಎಲ್ಲೆಲ್ಲಿ ಆಕಾಶ ತೆರೆದುಕೊಳ್ಳುತ್ತದೆಯೋ ಅತ್ತ ಕಡೆಗೆ ಹೊಸ ಚಿಗುರುಗಳು ಹೊರಳುವುದನ್ನು ನೋಡಿದ್ದೆನಾದರೂ, ನೆರಳೇ ಅವುಗಳ ಬಾಗುವ ಶಕ್ತಿಯನ್ನು ಹೆಚ್ಚಿಸಿರಬಹುದು ಎಂದು ಯೋಚಿಸಿರಲಿಲ್ಲ. ಚಪ್ಪರದ ನಡುವಿನ ಸಸಿಗಳಿಗಿಂತ ಅಂಚಿನ ಸಸಿಗಳು ಹೊರಕ್ಕೆ ವಾಲುವುದು ಪ್ರತಿ ನರ್ಸರಿಯವರಿಗೂ ಗೊತ್ತಿರುವ ಸಂಗತಿ. ಚಪ್ಪರದ ಸೊಪ್ಪನ್ನು ಒಂದೇ ಬದಿಯಿಂದ ತೆಗೆಯದೆ ಎಲ್ಲೆಡೆ ಸಮವಾಗಿ, ಸ್ವಲ್ಪ ಸ್ವಲ್ಪವೇ ತೆಳುಮಾಡಬೇಕು ಎಂದು ಅಕ್ಕ ಹಠ ಹಿಡಿಯುವುದರ ಬೆಲೆ ನನಗೆ ಈಗ ಮೊದಲಿಗಿಂತ ಚೆನ್ನಾಗಿ ತಿಳಿಯುತ್ತದೆ.

ಹಾವಿನಂತೆ ಬಳುಕಿದ ಕಾಂಡಗಳ ಗತಿ ಏನಾಯಿತು ಎಂಬುದನ್ನೂ ಹೇಳಬೇಕು. ಬಾಗಿದ ಸಸಿ ನೆಟ್ಟಗಾಗುವುದುಂಟು. ಬೆಳಕು ಮೇಲಿನಿಂದ ಬಂದರೆ, ಗುರುತ್ವವನ್ನು ಅರಿಯುವ ಅದರ ಇನ್ನೊಂದು ಶಕ್ತಿಯೂ ಸೇರಿ ತುದಿಯನ್ನು ಮೇಲಕ್ಕೆ ತಿರುಗಿ ಎತ್ತುತ್ತದೆ. ಆದರೆ ನೆಟ್ಟಗಾಗುವುದು ಇನ್ನೂ ಉದ್ದವಾಗುತ್ತಿರುವ ಭಾಗ ಮಾತ್ರ. ಕೆಳಗಿನ ಕೋಶಗಳು ಹಿಗ್ಗುವುದನ್ನು ಮುಗಿಸಿ ಗೋಡೆಗಳನ್ನು ಗಟ್ಟಿಮಾಡಿಕೊಂಡ ಮೇಲೆ ಅಲ್ಲಿದ್ದ ಬಾಗು ಹಾಗೆಯೇ ಉಳಿಯುತ್ತದೆ. ದಿನವೂ ತಿರುಗಿಸಿದ್ದರೆ ಯಾವ ಬಾಗೂ ಗಟ್ಟಿಯಾಗುವಷ್ಟು ಕಾಲ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಐದಾರು ದಿನಗಳ ಅಂತರವೇ ತಪ್ಪಾಗಿತ್ತು. ಆ ಸಸಿಗಳಲ್ಲಿ ತಾಯಿಬೇರು ಸೊಟ್ಟಗಿದ್ದವನ್ನು ನಾಟಿಯ ಹೊತ್ತಿಗೇ ಆರಿಸಿ ಬಿಸಾಡಿದೆವು. ಕಾಂಡ ಮಾತ್ರ ಬಳುಕಿದ್ದ ಅರವತ್ತು ಸಸಿಗಳನ್ನು ಬೇರೆ ಸಾಲಿನಲ್ಲಿ ಬೆಳೆಸಿ, ಮುಂದಿನ ಜೂನ್‌ನಲ್ಲಿ ಮನೆಯ ಹಿಂದಿನ ಇಳಿಜಾರಿಗೆ ನೆಟ್ಟೆವು. ಚೆನ್ನಾಗಿಯೇ ಬಂದಿವೆ. ಬುಡದ ತರಗೆಲೆಯನ್ನು ಸರಿಸಿ ಬೆರಳಾಡಿಸಿದರೆ, ಮಣ್ಣಿನಿಂದ ಒಂದು ಅಂಗುಲ ಮೇಲೆ ಆ ಎರಡು ತಿರುವುಗಳು ಇಂದಿಗೂ ಕೈಗೆ ತಾಗುತ್ತವೆ.

ಕೋಳಿಗಳ ಕಾಟ ತಪ್ಪಿಲ್ಲವಾದ್ದರಿಂದ ಈಗಲೂ ಬೀಜ ಹಾಕುವುದು ಗೋದಾಮಿನೊಳಗೇ. ಆದರೆ ಕಳೆದ ಡಿಸೆಂಬರಿನಲ್ಲಿ ಕುಶಾಲನಗರದಿಂದ ಆರು ಗಾಜಿನ ಹೆಂಚು ತರಿಸಿ, ಕ್ರೇಟುಗಳ ನೇರಕ್ಕೆ ಮಾಡಿನ ಮಣ್ಣಿನ ಹೆಂಚುಗಳನ್ನು ತೆಗೆದು ಅವನ್ನು ಕೂರಿಸಿದೆವು. ಕೆಳಗೆ ತೆಳು ಬಿಳಿಬಟ್ಟೆ ಕಟ್ಟಿ ಬಿಸಿಲು ನೇರವಾಗಿ ತಾಗದಂತೆ ಮಾಡಿ, ಪೂರ್ವದ ಕಿಟಕಿಗೆ ಗೋಣಿ ಇಳಿಬಿಟ್ಟೆವು. ಈ ಮಾರ್ಚ್‌ನಲ್ಲಿ ಎದ್ದ ಟೋಪಿಗಳು ನೆಟ್ಟಗೆ ನಿಂತಿದ್ದವು. ಒಂದು ಸಂಜೆ ಸೆಕೆ ಹೆಚ್ಚಾಗಿ, ಗಾಳಿಯಾಡಲಿ ಎಂದು ಅಕ್ಕ ಗೋಣಿಯನ್ನು ಮೇಲಕ್ಕೆ ಸುತ್ತಿ ಕಟ್ಟಿ ಹೋದರು, ಮರುದಿನ ಇಳಿಬಿಡುವುದನ್ನು ಇಬ್ಬರೂ ಮರೆತೆವು. ಅದರ ಮಾರನೆಯ ಬೆಳಿಗ್ಗೆ ನೀರು ಚಿಮುಕಿಸಲು ಹೋದಾಗ ಕಿಟಕಿಗೆ ಹತ್ತಿರದ ಎರಡು ಸಾಲುಗಳು ಅತ್ತ ಕಡೆಗೆ ಸಣ್ಣಗೆ ವಾಲಿದ್ದವು. ಅಕ್ಕ ಏನೂ ಹೇಳದೆ ಗೋಣಿಯ ಗಂಟು ಬಿಚ್ಚಿ ಕೆಳಕ್ಕೆ ಬಿಟ್ಟರು. ಮೂರನೆಯ ದಿನಕ್ಕೆ ಆ ಎರಡು ಸಾಲುಗಳೂ ಉಳಿದವುಗಳ ಜೊತೆಗೆ ಗಾಜಿನ ಹೆಂಚಿನ ನೇರಕ್ಕೆ ಬಂದಿದ್ದವು.